ವಾರದ ಮಾತ್ರೆ

ವಾರಕ್ಕೊಂದು ಎಂದಿದ್ದನ್ನು ದಿನಕ್ಕೊಂದು ಮಾಡಿದರೆ ನಿಜವಾಗಿಯೂ ಏನಾದೀತು? ವೈದ್ಯೆ ಸ್ವಲ್ಪ ಹೆಚ್ಚಾಗಿಯೇ ಹೆದರಿಸಿರಬಹುದು. ವೈದ್ಯರು ಹಾಗೆಯೇ ಅಲ್ಲವೇ? ಅಥವಾ ಅವರು ಹೇಳಿದ್ದೇ ನಿಜವಾದರೆ? ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಗಾಜಿನ ಅಂಚು ಮಸೆಯುತ್ತ ಅವನು ಇದನ್ನೇ ಯೋಚಿಸುತ್ತಿದ್ದ. ಅಮ್ಮ ತರಹೇಳಿದ ಮಾತ್ರೆಯ ಹೊಸ ಶೀಟು ಜೇಬಿನಲ್ಲಿತ್ತು.

ಅವರ ಮನೆಯಲ್ಲಿ ಒಂದು ಕಟ್ಟಳೆ. ಮಗು ಹೊಸ್ತಿಲು ದಾಟುವ ತನಕ ಬಾಣಂತಿ ಹೊಸ್ತಿಲು ದಾಟಬಾರದು. ಒಳಕೋಣೆಯ ಕಿಟಕಿಗೆ ಕಂಬಳಿ. ಊಟಕ್ಕೆ ಎಣ್ಣೆ, ಬೆಣ್ಣೆ ಸೋಕದ ಸಪ್ಪೆ ಗಂಜಿ. ಆ ಕೋಣೆಯ ವಿಷಯಕ್ಕೆ ಗಂಡಸರು ಬಾಯಿ ಹಾಕುವಂತಿಲ್ಲ. ಬಸಿರಿನಲ್ಲೂ ಬಿಸಿಲು ಕಾಣದಿದ್ದ ಅವನ ಹೆಂಡತಿ, ಹೆತ್ತ ಮೇಲೆ ನೆಲದಿಂದ ಏಳಲು ಗೋಡೆ ಹಿಡಿಯತೊಡಗಿದಳು. ಮಗುವನ್ನು ಎತ್ತಿಕೊಂಡರೆ ಸೊಂಟದ ನೋವಿಗೆ ತುಟಿ ಕಚ್ಚುತ್ತಿದ್ದಳು. ಕಡೆಗೆ ಮೈತುಂಬ ಹೊದಿಸಿ ಆಸ್ಪತ್ರೆಗೆ ಒಯ್ದರು. ರಕ್ತ ನೋಡಿದ ವೈದ್ಯೆ, ವಿಟಮಿನ್ ಡಿ ತಳ ಕಂಡಿದೆ ಎಂದರು. ಅಮ್ಮ ಸೊಸೆಯನ್ನು ಗಾಡಿಗೆ ಹತ್ತಿಸುತ್ತಿದ್ದಾಗ ವೈದ್ಯೆ ಅವನೊಬ್ಬನನ್ನೇ ಹಿಂದಕ್ಕೆ ಕರೆದರು.

“ಇದು ದೊಡ್ಡ ಡೋಸು. ವಾರಕ್ಕೆ ಒಂದೇ. ಜಿಡ್ಡಿರೋ ಊಟದ ಜೊತೆ ತಗೊಳ್ಳಲಿ, ಬರೀ ಹೊಟ್ಟೆಗೆ ತಗೊಂಡ್ರೆ ಸರಿಯಾಗಿ ಮೈಗೆ ಹತ್ತಲ್ಲ. ಎರಡು ತಿಂಗಳಾದ ಮೇಲೆ ಮತ್ತೆ ರಕ್ತ ನೋಡೋಣ. ಹೆಚ್ಚಾದ್ರೆ ಇದೇ ವಿಷ, ನೆನಪಿರಲಿ.”

ಅವನು ತಲೆಯಾಡಿಸಿದ. ಮನೆಗೆ ಬಂದು, ವಾರಕ್ಕೊಂದು ಎಂದಷ್ಟೇ ಅಮ್ಮನಿಗೆ ಹೇಳಿದ. ಉಳಿದದ್ದೆಲ್ಲ ಒಳಕೋಣೆಯ ಮಾತು. ನಾಲಿಗೆ ಅಲ್ಲಿಗೆ ಹೋಗಲಿಲ್ಲ.

ಅಮ್ಮ ಬೆಳಗ್ಗೆ ಬರಿಹೊಟ್ಟೆಗೆ ಬಿಸಿನೀರಿನ ಜೊತೆ ಮಾತ್ರೆ ಕೊಟ್ಟಳು. ವಾರಗಳು ಕಳೆದರೂ ಗುಣ ಕಾಣಲಿಲ್ಲ.

“ವಾರಕ್ಕೊಂದಂತೆ! ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ದಿನಾ ಒಂದು ಕೊಡ್ತೀನಿ, ಹೇಗೆ ಏಳಲ್ಲ ನೋಡೇ ಬಿಡ್ತೀನಿ. ಬರ್ತಾ ಇನ್ನೊಂದು ಶೀಟು ತಾ.”

ಅವನು ತಂದ. ಮುಗಿದಾಗ ಮತ್ತೆ ತಂದ.

ಅಷ್ಟರಲ್ಲಿ ಹೆಂಡತಿಯ ಅಕ್ಕ ಬಂದಳು; ಶಾಲೆಯಲ್ಲಿ ಪಾಠ ಹೇಳುವವಳು. ಒಳಕೋಣೆಗೆ ಕಾಲಿಟ್ಟವಳೇ ನಿಂತುಬಿಟ್ಟಳು.

“ಏನತ್ತೆ ಇದು, ನನ್ನ ತಂಗೀನ ಬಾಳೆಗೊನೆ ಥರ ಕತ್ತಲಲ್ಲಿ ಹಣ್ಣಿಗೆ ಹಾಕಿದ್ದೀರಾ?”

“ಐದು ಹೆತ್ತವಳು ನಾನು. ನನಗೇ ಪಾಠ ಹೇಳ್ತೀಯಾ?”

“ಐದರಲ್ಲಿ ಉಳಿದೋನು ಇವನೊಬ್ಬನೇ ಅಲ್ವಾ ಅತ್ತೆ?”

ಅಮ್ಮ ಮಗುವಿನ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. “ಅದು ಅವರವರ ಹಣೆಬರಹ.”

“ಹಣೆಬರಹ ಕಿಟಕಿಗೆ ಕಂಬಳಿ ಕಟ್ಟುತ್ತಾ? ಸ್ವಲ್ಪ ಬಿಸಿಲು ಬಿಡಿ. ಆ ಮಾತ್ರೆ ಕರಗೋದು ಜಿಡ್ಡಲ್ಲಿ. ಬರೀ ನೀರಲ್ಲಿ ಕೊಟ್ರೆ ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಟುಹೋಗತ್ತೆ. ಊಟಕ್ಕೆ ಬೆಣ್ಣೆ ಹಾಕಿ, ಅದರ ಜೊತೆ ಕೊಡಿ.”

ಬಹಳ ಹೊತ್ತು ವಾದ ನಡೆಯಿತು. ಕಡೆಗೆ ಅಮ್ಮ ಅರ್ಧ ಸೋತಳು. “ಬೆಣ್ಣೆ ಹಾಕ್ತೀನಿ. ಕಿಟಕಿ ತೆಗೆಯೋದು ಮಾತ್ರ ನಾನು ಸತ್ತ ಮೇಲೆ.”

ದಿನವೂ ಮಾತ್ರೆ ಕೊಡುತ್ತಿರುವುದು ಅಕ್ಕನಿಗೆ ಗೊತ್ತಿರಲಿಲ್ಲ. ಹೆಚ್ಚಾದರೆ ವಿಷವೆಂದು ಅಮ್ಮನಿಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವನು ಬಾಗಿಲ ಬಳಿ ನಿಂತಿದ್ದ. ಬಾಯಿ ತೆರೆದ. “ನಿಮ್ಮ ಬಸ್ಸಿಗೆ ಹೊತ್ತಾಯ್ತು, ಅಕ್ಕಾ,” ಎಂದ.

ಮೊದಮೊದಲು ಹೆಂಡತಿ ಚೇತರಿಸಿಕೊಂಡಳು. ಎದ್ದು ಕೂತು ತಾನೇ ತಲೆ ಬಾಚಿಕೊಂಡಳು. “ಹೊರಗೆ ಬಿಸಿಲಿದೆಯಾ?” ಎಂದು ಅವನನ್ನು ಕೇಳಿದಳು. “ಇದೆ,” ಎಂದ. ಅಮ್ಮ ಗೆದ್ದವಳಂತೆ ಓಡಾಡಿದಳು.

ಆಮೇಲೆ ತಣಿಯದ ದಾಹ ಶುರುವಾಯಿತು. ತಿಂದದ್ದು ನಿಲ್ಲುತ್ತಿರಲಿಲ್ಲ. “ಒಳಗಿನ ನಂಜು ಹೊರಗೆ ಬರ್ತಿದೆ, ಬರಲಿ,” ಎಂದಳು ಅಮ್ಮ. ಪಕ್ಕದಲ್ಲಿ ಮಗು ಅಳುತ್ತಿದ್ದರೂ ಅವಳು ಗೋಡೆಯನ್ನೇ ನೋಡುತ್ತ ಮಲಗಿರುತ್ತಿದ್ದಳು.

“ಈ ಮಾತ್ರೆ ನಿಲ್ಲಿಸೋಣ್ವಾ ರೀ?” ಎಂದು ಒಮ್ಮೆ ಕೇಳಿದಳು.

“ಅಮ್ಮನ್ನ ಕೇಳು.”

ಅವಳು ಕೇಳಲಿಲ್ಲ. ಕೇಳುವ ಧೈರ್ಯವಿದ್ದಿದ್ದರೆ ಅವನನ್ನು ಯಾಕೆ ಕೇಳುತ್ತಿದ್ದಳು?

ಪ್ರಜ್ಞೆ ತಪ್ಪಿದ ಮೇಲೆ ಆಸ್ಪತ್ರೆಗೆ ಸಾಗಿಸಿದರು. ರಕ್ತದಲ್ಲಿ ಕ್ಯಾಲ್ಸಿಯಂ ಉಕ್ಕಿತ್ತು, ಮೂತ್ರಪಿಂಡಗಳು ಸೋತಿದ್ದವು. “ಮಾತ್ರೆ ಹೇಗೆ ಕೊಡ್ತಿದ್ರಿ?” ಎಂದು ವೈದ್ಯೆ ಕೇಳಿದರು. “ದಿನಾ ತಪ್ಪದೆ ಕೊಟ್ಟಿದ್ದೀನಮ್ಮ,” ಎಂದಳು ಅಮ್ಮ, ಹೆಮ್ಮೆಯಿಂದಲೇ. ವೈದ್ಯೆ ಅವನ ಕಡೆ ನೋಡಿದರು. ಅವನು ನೆಲ ನೋಡಿದ.

ಅವಳು ಮನೆಗೆ ಮರಳಲಿಲ್ಲ.

ಕಟ್ಟಳೆಗೆ ಕೈಯಿಲ್ಲ, ಕಾಲಿಲ್ಲ. ಅದು ನಿಂತಿರುವುದು ಸುಮ್ಮನಿರುವವರ ಹೆಗಲ ಮೇಲೆ.

ಮಣ್ಣು ಮಾಡಿ ಬಂದ ಮಧ್ಯಾಹ್ನ ಅಮ್ಮ ಒಳಕೋಣೆಯ ನೆಲದ ಮೇಲೆ ಕುಸಿದಳು. “ನನ್ನ ಕೈಯಾರೆ ಕೊಟ್ನಲ್ಲಾ! ಏಳಲಿ ಅಂತ ಕೊಟ್ಟೆ. ವಿಷ ಆಗತ್ತೆ ಅಂತ ಯಾರಾದ್ರೂ ಒಂದು ಮಾತು ಹೇಳಿದ್ರೆ, ಅವಳ ಬಾಯಿಂದ ಕಿತ್ತು ಬಿಸಾಡ್ತಿದ್ದೆ.”

ಮಗುವನ್ನು ಮಡಿಲಲ್ಲಿ ಹಾಕಿಕೊಂಡಿದ್ದ ಅಕ್ಕ, “ಬೆಣ್ಣೆ ಹಾಕಿ ಅಂದೋಳು ನಾನು. ದಿನಕ್ಕೆಷ್ಟು ಕೊಡ್ತೀರಿ ಅಂತ ಕೇಳಲೇ ಇಲ್ಲ,” ಎಂದಳು.

ಇಬ್ಬರೂ ತಪ್ಪನ್ನು ತಮ್ಮ ತಮ್ಮ ಕಡೆಗೆ ಎಳೆದುಕೊಂಡು ಅಳುತ್ತಿದ್ದರು. ಅವನು ನಡುವೆ ಕೂತಿದ್ದ.

ಹೆಚ್ಚಾದರೆ ವಿಷ ಎಂದು ವೈದ್ಯೆ ತನಗೆ ಮೊದಲೇ ಹೇಳಿದ್ದರೆಂಬುದನ್ನು ಅವನು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.