ದಪ್ಪ ಕಾಲು

ಪಾಳಾದಲ್ಲಿ ಹೊಸ ಗೋದಾಮಿನ ಉದ್ಘಾಟನೆಯ ದಿನ ದುರ್ಗಾ ಮೈಕ್ ಹಿಡಿದಾಗ ಕರೆಂಟು ಹೊಡೆದು ಸತ್ತಳು, ಪಂಚನಾಮೆಯಲ್ಲಿ ಎದೆನೋವು ಎಂದು ಬರೆದರು, ಅದರ ಕೆಳಗೆ ಅವಳ ಅಣ್ಣ ಕಾಶಿರಾಮ ಸಹಿ ಮಾಡಿದ. ಅದಾಗಿ ಒಂದು ವರ್ಷ ಹನ್ನೊಂದು ದಿನ. ಈಗ ಎರಡು ಸಾವಿರದ ನಾಲ್ಕರ ಆಗಸ್ಟು, ಹಳಿಯಾಳದ ಮೈದಾನದಲ್ಲಿ ಇನ್ನೊಂದು ಸಮಾರಂಭ, ಮುಂಜಾನೆ ಹತ್ತೂವರೆ, ಮಳೆ ಈಗಷ್ಟೇ ನಿಂತಿದೆ, ಶಾಮಿಯಾನ ತಟಪಟ ಸೋರುತ್ತಿದೆ, ಸೌಂಡ್ ಸರ್ವಿಸಿನ ಮಾಲೀಕ ಶಿವಲಿಂಗಪ್ಪ ಕಟಿಂಗ್ ಪ್ಲೇಯರ್ ಚಾಚಿಕೊಂಡು ತನ್ನ ಆಳು ಕಾಶಿರಾಮನ ಮುಂದೆ ನಿಂತಿದ್ದಾನೆ, ಅದರ ಬಾಯಿ ತೆರೆದೇ ಇದೆ, ವೇದಿಕೆಯ ಎರಡೂ ಬದಿಯ ಸ್ಪೀಕರ್ ಡಬ್ಬಿಗಳು ಗುಂಯ್ ಎನ್ನುತ್ತಿವೆ, ಮುಚ್ಚಿದ ಕೋಣೆಯೊಳಗೆ ಸಾವಿರ ಜೇನು ಸಿಕ್ಕಿಬಿದ್ದಂತೆ, ಲೇ ಕಾಶ್ಯಾ, ಏನ ನೋಡ್ತಿಲೇ, ಅಧ್ಯಕ್ಷರ ಗಾಡಿ ಬಸ್‌ಸ್ಟ್ಯಾಂಡ್ ದಾಟೇತಂತ, ಎರಡೂ ಪ್ಲಗ್ಗಿನ ದಪ್ಪ ಕಾಲು ಕತ್ತರಿಸಿ ಒಗಿ. ದಪ್ಪ ಕಾಲು — ಮೂರು ಕಾಲಿನ ಪ್ಲಗ್ಗಿನಲ್ಲಿ ಎರಡು ಸಣ್ಣವು ಕರೆಂಟು ಹೊರುತ್ತವೆ, ಮೇಲಿನ ದಪ್ಪನೆಯದು ಏನನ್ನೂ ಹೊರದೆ ನೆಲಕ್ಕೆ ದಾರಿ ಮಾಡಿಕೊಂಡು ಸುಮ್ಮನೆ ಇರುತ್ತದೆ, ಅರ್ಥಿಂಗ್ ಅನ್ನುವುದು ಪುಸ್ತಕದ ಮಾತು, ಈ ಸೀಮೆಯ ಸೌಂಡಿನವರ ಬಾಯಲ್ಲಿ ಅದು ದಪ್ಪ ಕಾಲು, ಅದನ್ನು ಕತ್ತರಿಸಿದರೆ ಗುಂಯ್ ನಿಲ್ಲುತ್ತದೆ, ನಿಜವಾಗಿ ನಿಲ್ಲುತ್ತದೆ, ಅದೇ ಅಲ್ಲವೆ ಕೇಡು, ನಿಲ್ಲದೆ ಹೋಗಿದ್ದರೆ ಯಾರು ಕತ್ತರಿಸುತ್ತಿದ್ದರು, ಅಂಗಡಿಯಲ್ಲಿ ಬಿಸ್ಕಿಟ್ ಡಬ್ಬಿಯ ತುಂಬ ಅಂಥ ಹಿತ್ತಾಳೆ ಕಾಲುಗಳು ಬಿದ್ದಿವೆ, ಅಲ್ಲಾಡಿಸಿದರೆ ಉದುರಿದ ಹಲ್ಲಿನಂತೆ ಸದ್ದು ಮಾಡುತ್ತವೆ, ಅವುಗಳಲ್ಲಿ ಅರ್ಧಕ್ಕರ್ಧ ಕಾಶಿರಾಮನೇ ಕತ್ತರಿಸಿದವು.

ಮುಂಜಾನೆ ಆರಕ್ಕೇ ಬಂದು ಎಲ್ಲವನ್ನೂ ಮುದಕಪ್ಪ ಮಾಸ್ತರ ಹೇಳಿಕೊಟ್ಟ ಹಾಗೆಯೇ ಕೂಡಿಸಿದ್ದ, ಮುದಕಪ್ಪ ಅಂದರೆ ಇದೇ ಹಳಿಯಾಳದ ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದ, ಒಂದು ಕಿವಿ ಕೇಳದ ಮುದುಕ, ತಾಂಡಾದವನೆಂದು ದೂರ ನಿಲ್ಲಿಸದೆ ಪಕ್ಕದ ಸ್ಟೂಲಿನಲ್ಲಿ ಕೂಡಿಸಿಕೊಂಡು ಕಲಿಸಿದ ಒಬ್ಬನೇ ಒಬ್ಬ. ಆಂಪ್ಲಿಫೈಯರನ್ನು ಹಲಗೆಯ ಮೇಲಿಟ್ಟು ಫ್ಯಾನಿನ ಮುಂದೆ ಗೇಣು ಜಾಗ ಬಿಟ್ಟ, ಮೇಲೆ ಹೂಮಾಲೆಯ ಬುಟ್ಟಿ ಇಡಲು ಬಂದವನನ್ನು ಗದರಿಸಿ ಕಳಿಸಿದ, ಸ್ಪೀಕರ್ ವೈರಿನ ಒಂದು ಎಳೆಯೂ ಪಕ್ಕದ ತಿರುಪಿಗೆ ತಾಗದಂತೆ ಹೊಸೆದು ಬಿಗಿದ, ಬದಿಗೆ ಎರಡೇ ಡಬ್ಬಿ, ಸಾಹುಕಾರ ಶಿವಲಿಂಗಪ್ಪ ಮೂರು ಅಂದಿದ್ದ, ಮೂರು ಹೊರಿಸಿದರೆ ಆಂಪ್ಲಿಯ ಎದೆ ಸುಡುತ್ತದೆ, ಎಲ್ಲ ಗುಂಡಿಗಳನ್ನು ಸೊನ್ನೆಗೆ ತಿರುಗಿಸಿ, ಹಚ್ಚುವಾಗ ಮೊದಲು ಮೈಕಿನ ದನಿ ಕೂಡಿಸುವ ಮಿಕ್ಸರ್, ಕಡೆಗೆ ಆಂಪ್ಲಿ, ಆರಿಸುವಾಗ ಮೊದಲು ಆಂಪ್ಲಿ, ಕಡೆಗೆ ಮಿಕ್ಸರ್, ಆಂಪ್ಲಿ ಅಂದ್ರ ಹೊಸಾ ಅಳಿಯಾ ಇದ್ದಂಗಲೇ ತಮ್ಮಾ, ಎಲ್ಲಾರೂ ಕುಂತ ಮ್ಯಾಲ ಬರ್ತಾನ, ಎಲ್ಲಾರಕಿಂತ ಮೊದಲ ಏಳ್ತಾನ, ಇಲ್ಲಂದ್ರ ಧಬ್ ಅಂತ ಒದರ್ತಾನ, ಎಂದು ಮಾಸ್ತರ ತನ್ನ ಮಾತಿಗೆ ತಾನೇ ನಗುತ್ತಿದ್ದ, ಆಮೇಲೆ ನಗು ನಿಲ್ಲಿಸಿ ಪ್ಲಗ್ ತೋರಿಸುತ್ತಿದ್ದ, ಈ ದಪ್ಪ ಕಾಲು ಉಳಿದ ಎರಡರಕಿಂತ ಉದ್ದ ಯಾಕ ಐತಿ ಹೇಳು, ಇದು ಎಲ್ಲಾಕಿಂತ ಮೊದಲ ಒಳಗ ಹೋಗತೈತಿ, ಎಲ್ಲಾರೂ ಹ್ವಾದ ಮ್ಯಾಲ ಹೊರಗ ಬರತೈತಿ, ಜೀವಾ ಕಾಯೂದು ಇದು, ಕಾಣೂದಿಲ್ಲ ಅಷ್ಟ. ಮೊದಲು ಬಂದು ಕಡೆಗೆ ಹೋಗುವುದು, ಕಾಣದೆ ಇರುವುದು, ಶಾಮಿಯಾನದ ಗುಂಡಿ ತೋಡುವವರು, ಕುರ್ಚಿ ಹೊರುವವರು, ನೆಲ ಒರೆಸುವವರು, ಎಲ್ಲ ಸಮಾರಂಭಗಳೂ ಇಂಥವರ ದಪ್ಪ ಕಾಲಿನ ಮೇಲೆಯೇ ನಿಂತಿರುತ್ತವೆ, ಆಮಂತ್ರಣಪತ್ರಿಕೆಯಲ್ಲಿ ಯಾರ ಹೆಸರು ಹುಡುಕುತ್ತೀರಿ — ಗುಂಯ್, ಗುಂಯ್, ಇದು ಯಾಕೆ ಅಂತಲೂ ಅವನಿಗೆ ಗೊತ್ತು, ಆಂಪ್ಲಿಗೆ ವೇದಿಕೆ ಹಿಂದಿನ ಬೋರ್ಡಿನ ಕರೆಂಟು, ಮಿಕ್ಸರಿಗೆ ಅತ್ತ ಚಹಾದಂಗಡಿಯ ಕರೆಂಟು, ಎರಡು ಬೋರ್ಡಿಗೆ ಎರಡು ನೆಲ, ನಡುವೆ ಒಂದು ವೈರು, ಅದಕ್ಕೇ ಗುಂಯ್, ಎರಡನ್ನೂ ಒಂದೇ ಬೋರ್ಡಿಗೆ ಹಾಕಿದರೆ ತಾನಾಗಿ ನಿಲ್ಲುತ್ತದೆ, ಅದಕ್ಕೆ ಒಂದು ವೈರು ಅಧ್ಯಕ್ಷರು ನಡೆದುಬರುವ ಕೆಂಪು ಹಾಸನ್ನು ದಾಟಬೇಕು, ಏಳಕ್ಕೇ ಕೇಳಿದ್ದ, ಸಾವಕಾರ್ರ, ಹಾಸಿನ ಅಡ್ಯಾಗ ತರ್ತೇನ್ರಿ, ಹುಚ್ಚ ಹಿಡದೈತೇನಲೇ, ಹಾಸ ಉಬ್ಬತೈತಿ, ಫೋಟೋದಾಗ ಹಾವ ಮಲಗಿದಂಗ ಕಾಣ್ತೈತಿ. ಹಾವು ಫೋಟೋದಲ್ಲಿ ಕಾಣಬಾರದು, ಮೈಕಿನೊಳಗೆ ಇದ್ದರೆ ನಡೆಯುತ್ತದೆ.

ಪಾಳಾದ ಆ ಗೋದಾಮಿನ ನೆಲಕ್ಕೆ ನೀರು ಹೊಡೆದವಳೂ ದುರ್ಗಾನೇ, ಹೊಸ ಸಿಮೆಂಟು ಬಿರಿಯಬಾರದೆಂದು ಹನ್ನೆರಡು ದಿನ ಮುಂಜಾನೆ ಸಂಜೆ ಕೊಡ ಹೊತ್ತಳು, ತಾಂಡಾದಿಂದ ಕೂಲಿಗೆ ಹೋದ ಒಂಬತ್ತು ಹೆಂಗಸರಲ್ಲಿ ಒಬ್ಬಳು, ಹಾಡುತ್ತಲೇ ಹೊರುತ್ತಿದ್ದಳು, ಅದನ್ನು ಕೇಳಿದ ಯಾರಿಗೋ ಹೊಳೆಯಿತು, ಲಮಾಣಿ ಡ್ರೆಸ್ಸಿನ್ಯಾಗ ಒಂದ ಹುಡಿಗಿ ಸ್ವಾಗತಗೀತೆ ಹಾಡಿದ್ರ ಫೋಟೋ ಛಲೋ ಬರ್ತಾವ ನೋಡ್ರಿ. ಹೆತ್ತ ಯಾಡಿ, ಕಾಳಿಬಾಯಿ, ಪೆಟ್ಟಿಗೆಯ ತಳದಿಂದ ತನ್ನ ಮದುವೆಯ ಕನ್ನಡಿ ಲಂಗ ತೆಗೆದುಕೊಟ್ಟಳು, ಮೊಳಕೈತನಕ ಬಳೆ, ಕೊರಳಲ್ಲಿ ನಾಣ್ಯದ ಸರ, ಭಿಯಾ, ಹೆಂಗ ಕಾಣ್ತೇನಿ, ನಡದಾಡೋ ಪಾತ್ರೆ ಅಂಗಡಿ ಕಂಡಂಗ ಕಾಣ್ತಿ, ಅಂದಿದ್ದ, ಅಷ್ಟೇ, ಅಣ್ಣ ತಂಗಿಗೆ ಹೇಳಿದ ಕಡೆಯ ಮಾತು ಅಷ್ಟೇ, ಅವಳು ನಾಲಿಗೆ ಚಾಚಿ ಅಣಕಿಸಿ ಹೋದಳು. ಅಲ್ಲಿಯೂ ಹೀಗೇ ಗುಂಯ್ ಎಂದಿತು, ಸಾಹುಕಾರ ಹೀಗೇ ಪ್ಲೇಯರ್ ಚಾಚಿದ, ಮೊದಲು ಮಿಕ್ಸರಿನ ದಪ್ಪ ಕಾಲು, ಆಮೇಲೆ ಆಂಪ್ಲಿಯದು, ಎರಡನ್ನೂ ಕಾಶಿರಾಮ ಕಟ್ ಕಟ್ ಎನಿಸಿದ, ಗುಂಯ್ ನಿಂತಿತು, ಆಹಾ ಶಾಂತಿ ನೋಡಲೇ, ಎಂದು ಸಾಹುಕಾರ ಅವನ ಬೆನ್ನು ತಟ್ಟಿದ, ಮಳೆಗಾಲ ಹಿಡಿದಾಗಿನಿಂದ ಅಂಗಡಿಯ ಮೂಲೆಯಲ್ಲಿ ಇಲಿ ಆಂಪ್ಲಿಯ ಒಳಗಿನ ವೈರು ಕಡಿದಿದ್ದು ಯಾರಿಗೆ ಗೊತ್ತಿತ್ತು, ಕಡಿದ ವೈರು ತಗಡಿಗೆ ತಾಗಿ, ತಗಡಿನಿಂದ ಮೈಕಿನ ವೈರಿಗೆ, ವೈರಿನಿಂದ ಮೈಕಿಗೆ, ನೆಲಕ್ಕೆ ಹೋಗುವ ದಾರಿಯನ್ನು ಇವನೇ ಕತ್ತರಿಸಿದ್ದಾನೆ, ಕರೆಂಟು ಇನ್ನೊಂದು ದಾರಿ ಹುಡುಕಿಕೊಂಡು ಕಾಯುತ್ತ ಕುಳಿತಿದೆ. ಮೈಕ್ ಕೊಡುವ ಮುಂಚೆ ಟೆಸ್ಟರ್ ಮುಟ್ಟಿಸಿ ನೋಡಬೇಕು, ಮಾಸ್ತರ ಹೇಳಿದ್ದ, ಟೆಸ್ಟರ್ ಸಾಹುಕಾರನ ಜೇಬಿನಲ್ಲಿತ್ತು, ಪೆನ್ನಿನ ಪಕ್ಕ, ಇಂಜಿನಿಯರನಂತೆ ಕಾಣಲಿ ಎಂದು ಸಮಾರಂಭದ ದಿನ ಸಿಕ್ಕಿಸಿಕೊಳ್ಳುತ್ತಾನೆ, ಕೇಳಬೇಕಿತ್ತು, ಗಣ್ಯರ ನಡುವೆ ಹೋಗಿ ಕೇಳಲು ಸಂಕೋಚವಾಯಿತು, ಅದೂ ಒಂದು ಕಾರಣವೇ, ಒಂದು ಜೀವಕ್ಕೆ ಸಂಕೋಚ ಒಂದು ಕಾರಣವೇ. ದೀಪ ಹಚ್ಚುವ ಕಡೆ ಚಪ್ಪಲಿ ಇರಬಾರದು, ಕಳಿ ಅಂದರು, ಕಳೆದಳು, ತಾನೇ ನೀರು ಹೊಡೆದ ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಎರಡೂ ಕೈಯಲ್ಲಿ ಮೈಕ್ ಹಿಡಿದಳು. ಹಾಡು ಬರಲಿಲ್ಲ. ಬಳೆ ಸದ್ದು ಮಾಡಿದವು. ಮುಂದಿನ ಸಾಲಿನವರು ಕುಣಿತ ಶುರುವಾಯಿತೆಂದು ಚಪ್ಪಾಳೆ ತಟ್ಟಿದರು. ಕಾಶಿರಾಮನ ಕೈ ಮೊದಲು ಗುಂಡಿಗೆ ಹೋಯಿತು, ಪ್ಲಗ್ಗಿಗಲ್ಲ, ಗುಂಡಿಗೆ, ಡಬ್ಬಿ ಧಬ್ ಅನ್ನಬಾರದು ಎಂದು ಕೈ ತಾನಾಗಿ ಅದನ್ನು ಸೊನ್ನೆಗೆ ತಿರುಗಿಸಿತು, ಎರಡು ಕ್ಷಣ, ಮೂರು ಇರಬಹುದು, ಆಮೇಲೆ ಪ್ಲಗ್ ಕಿತ್ತ. ಇದನ್ನು ಅವನು ಯಾಡಿಗೆ ಹೇಳಿಲ್ಲ. ಅವತ್ತು ಸಾಹುಕಾರ ಪೊಲೀಸರಿಗೆ, ತಾಂಡಾದ ಹುಡಿಗೇರು ಹೊಟ್ಟೀಗೆ ತಿನ್ನೂದಿಲ್ರೀ, ಬವಳಿ ಬಂದು ಬಿದ್ದಾಳ, ಎದಿ ನಿಂತೈತಿ, ಅಂದ, ಇವನ ಕಿವಿಯ ಹತ್ತಿರ ಬಗ್ಗಿ, ಕತ್ತರಿಸಿದಾಂವ ನೀ, ನೆಪ್ಪಿರಲಿ, ಹೇಳಿದ್ರ ಜೇಲಿಗೆ ಹೋಗಾಂವ ನೀನ, ಅಂದ, ಪೆನ್ನು ಕೊಟ್ಟ. ಮೂರನೆಯ ದಿನ ಕಾಶಿರಾಮನೇ ಇಲಿ ಕಡಿದ ವೈರಿಗೆ ಕರಿ ಟೇಪು ಸುತ್ತಿದ, ಐದನೆಯ ದಿನ ಅದೇ ಆಂಪ್ಲಿ ಕುಂಬಾರವಾಡಕ್ಕೆ ಮದುವೆಗೆ ಹೋಯಿತು, ಇವನೂ ಅದರ ಜೊತೆಗೇ ಹೋದ, ಬಸ್ಸಿನ ಮೇಲೆ ಕುಳಿತು, ಅದಕ್ಕೆ ಮಳೆ ತಾಗದಂತೆ ತನ್ನ ಕೊಪ್ಪೆ ಹೊದಿಸಿ, ಥೂ.

ಅಣ್ಣಾರ, ನಾ ಹಾಡೂಕಿಂತ ಮೊದಲ ನಿಮ್ಮ ಡಬ್ಬಿನ ರಾಗಾ ತಗದೈತಲ್ರೀ — ಸೌಂದರ್ಯಾ, ಅಂಗನವಾಡಿ ಟೀಚರು, ಇವತ್ತಿನ ಸ್ವಾಗತಗೀತೆ ಅವಳದು, ಸ್ಟ್ಯಾಂಡಿನಿಂದ ಮೈಕ್ ಕಿತ್ತು ಕೈಯಲ್ಲಿ ಹಿಡಿದು ನಗುತ್ತಿದ್ದಾಳೆ, ಹಿಂದಿನ ಹೆಂಗಸರೂ ನಗುತ್ತಾರೆ, ಕೇಳಿದಿಲ್ಲೋ, ಎಂದು ಸಾಹುಕಾರ ಪ್ಲೇಯರನ್ನು ಇವನ ಎದೆಗೆ ಒತ್ತುತ್ತಾನೆ, ಹೆಣ್ಮಕ್ಕಳು ನಗಾಕತ್ತಾರ, ನನ್ನ ಮರ್ಯಾದಿ ತಗೀತಿ ಏನ, ಸೌಂದರ್ಯಾಳ ಕಾಲಲ್ಲಿ ಚಪ್ಪಲಿ ಇಲ್ಲ, ವೇದಿಕೆಯ ಹಲಗೆ ನೆನೆದು ಕಪ್ಪಾಗಿದೆ, ಬೆರಳ ಸಂದಿಯಲ್ಲಿ ಕೆಸರು, ಇವತ್ತು, ಮುಂಜಾನೆ ತಾನೇ ಹಾಕಿದ ಹೊಸ ಪ್ಲಗ್ಗುಗಳಲ್ಲಿ, ಎರಡು ದಪ್ಪ ಕಾಲೂ ಇವೆ, ಅದಕ್ಕೇ ಅವಳು ನಗುತ್ತಿದ್ದಾಳೆ, ನಗಲು ಆಗುತ್ತಿದೆ, ಗುಂಯ್ ಎನ್ನಲಿ, ಇಡೀ ಹಳಿಯಾಳಕ್ಕೆ ಕೇಳುವಂತೆ ಎನ್ನಲಿ. ತಂಗೀ, ಅದನ್ನ ಕೊಡಿಲ್ಲೆ, ಎಂದು ಅವಳ ಕೈಯಿಂದ ಮೈಕ್ ತೆಗೆದುಕೊಂಡ, ಸಾವಕಾರ್ರ, ಹತ್ತ ಮಿನಿಟ ಕೊಡ್ರಿ, ವೈರ್ ಹಾಸಿನ ಅಡ್ಯಾಗ ತಂದು ಎರಡೂ ಒಂದ ಬೋರ್ಡಿಗೆ ಹಾಕ್ತೇನಿ, ಗುಂಯ್ ತಾನ ನಿಲ್ತೈತಿ. ಗೇಟಿನಲ್ಲಿ ಗಾಡಿಯ ಹಾರ್ನು, ಬ್ಯಾಂಡಿನವರು ಶುರು ಮಾಡಿದರು, ಸಾಹುಕಾರನ ಕುತ್ತಿಗೆಯ ನರ ಉಬ್ಬಿತು, ಹತ್ತ ಮಿನಿಟ ಅಂತ ಅವರಿಗೆ ನಿಮ್ಮಪ್ಪ ಹೇಳ್ತಾನೇನಲೇ, ಕತ್ತರಿಸು. ಹಂಗಾದ್ರ ನೀವ ಕತ್ತರಿಸ್ರಿ, ಎಂದು ಕಾಶಿರಾಮ ಮೈಕನ್ನು ಅವನತ್ತ ಚಾಚಿದ, ಕತ್ತರಿಸಿ, ಬೂಟ ಕಳದು, ಆ ತೊಯ್ದ ಹಲಗೀ ಮ್ಯಾಲ ನಿಂತು, ಇದನ್ನ ನೀವ ಹಿಡೀರಿ, ಒಂದ ಸಲ ಹಲೋ ಅನ್ರಿ. ಸಾಹುಕಾರನ ಕೈ ಮುಂದೆ ಬರಲಿಲ್ಲ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವನಿಗೆ ಗೊತ್ತು — ಪಾಳಾದ ದಿನವೂ ಗೊತ್ತಿತ್ತು, ಬರೆಸುವಾಗಲೂ ಗೊತ್ತಿತ್ತು, ಗೊತ್ತಿದ್ದೇ ಪೆನ್ನು ಕೊಟ್ಟ, ಆದರೆ ತಾನು, ತಾನು ಗೊತ್ತಿದ್ದೇ ಸಹಿ ಮಾಡಿದೆನಲ್ಲ. ಸೌಂದರ್ಯಾಳ ನಗು ನಿಂತಿದೆ, ಅವಳು ಒಂದು ಹೆಜ್ಜೆ ಹಿಂದೆ ಸರಿದು ಮೈಕನ್ನೇ ನೋಡುತ್ತಿದ್ದಾಳೆ, ಏನಾತ್ರೀ ಅಣ್ಣಾರ, ಇದರಾಗ ಏನೈತಿ, ಎಂದು ಮೆಲ್ಲಗೆ ಕೇಳುತ್ತಾಳೆ. ಈಗೇನೂ ಇಲ್ಲ ತಂಗಿ, ಪ್ಲಗ್ಗಿನ ದಪ್ಪ ಕಾಲ ಕತ್ತರಿಸಿದ್ರ ಕರೆಂಟ ಬರ್ತೈತಿ, ನನ್ನ ತಂಗಿಗೆ ಬಂದಿತ್ತು, ಎದೀನೋವ ಅಲ್ಲ ಅದು, ನಾನ ಕತ್ತರಿಸಿದ್ದೆ. ಅಂದುಬಿಟ್ಟ. ಆಕಾಶ ಕೆಳಗೆ ಬೀಳಲಿಲ್ಲ, ಬ್ಯಾಂಡು ಬಾರಿಸುತ್ತಲೇ ಇದೆ. ಸಾಹುಕಾರ ಹಲ್ಲು ಕಚ್ಚಿ ಪಿಸುಗುಟ್ಟುತ್ತಾನೆ, ನಾಳಿಂದ ನನ್ನ ಅಂಗಡಿ ಮೆಟ್ಟಲ ಹತ್ತಬ್ಯಾಡ, ಪೊಲೀಸರಿಗೆ ನಾನ ಹೇಳ್ತೇನಿ ಯಾರ ಕತ್ತರಿಸಿದ್ರಂತ, ಕಡೇ ಸಲ ಕೇಳ್ತೇನಿ, ಕತ್ತರಿಸ್ತೀಯೋ ಇಲ್ಲೋ. ಕಾಶಿರಾಮ ಬೋರ್ಡಿನ ಮುಂದೆ ಕೆಸರಿನಲ್ಲಿ ಕುಳಿತು ಪ್ಲಗ್ಗಿನ ಮೇಲೆ ಅಂಗೈ ಇಟ್ಟ, ಎದುರಿಗೆ ಪ್ಲೇಯರಿನ ತೆರೆದ ಬಾಯಿ, ಅದರ ಎರಡು ತುಟಿ, ನಡುವಿನ ಖಾಲಿ, ಪಾಳಾದ ದಿನದ ಅದೇ ಖಾಲಿ, ಅದೊಂದೇ ಕಾಣುತ್ತಿದೆ. ಕತ್ತರಿಸೂದಿಲ್ರೀ, ಅಂದ. ಏನಂದಿ? ಕತ್ತರಿಸೂದಿಲ್ಲ.