ಮುಖ ಊದಿಸಿಕೊಳ್ಳುವ ಹಕ್ಕು

ನನ್ನ ತಂಗಿ ಸದಾ ನಗುಮುಖದವಳು. ಇದು ಹೊಗಳಿಕೆಯಲ್ಲ, ಅವಳ ಕೇಸಿಗಿದ್ದ ಅತಿ ದೊಡ್ಡ ತೊಡಕು. ವಿಚ್ಛೇದನ ಬೇಕು ಅನ್ನುವಾಗಲೂ ಹಲ್ಲು ಕಾಣಿಸುವ ಹೆಂಗಸನ್ನು ಯಾರು ತಾನೆ ನಂಬುತ್ತಾರೆ?

ಅವಳ ಗಂಡನದು ಫೋಟೋ ಸ್ಟುಡಿಯೋ. ಕಂಡವರ ಮದುವೆಗಳಲ್ಲಿ 'ನಗಿ, ನಗಿ' ಎಂದು ಹೇಳಿ ಹೇಳಿ ಆ ಮಾತು ಅವನ ನಾಲಿಗೆಗೇ ಅಂಟಿಕೊಂಡಿತ್ತು. ಅವನು ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ, ಇನ್ನೊಬ್ಬಳ ಹಿಂದೆ ಹೋದವನೂ ಅಲ್ಲ. ಮನೆಯಲ್ಲಿ ಯಾರ ಮುಖವೂ ಇಳಿಯಕೂಡದು, ಅಷ್ಟೇ ಅವನ ಕಾನೂನು. ತಂಗಿಗೆ ಜ್ವರ ಬಂದಿರಲಿ, ಕೆಲಸ ಹೋಗಿರಲಿ, ಎದುರಿಗೆ ಬಂದು ನಿಂತು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದ. ನಗದಿದ್ದರೆ ಮತ್ತೆ ಒಂದರಿಂದ ಶುರು. ಕೇಳಿದವರೆಲ್ಲ "ಅಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು" ಅಂದರು. ಅವರ ಮನೆಗೆ ಅವನನ್ನು ಒಂದು ವಾರ ಕಳಿಸಿಕೊಡಬೇಕಿತ್ತು.

ಕೊನೆಗೆ ಅವಳು ಬಟ್ಟೆಬರೆ ತೆಗೆದುಕೊಂಡು ನನ್ನ ಮನೆಗೆ ಬಂದಳು. ಅವನು ಒಪ್ಪಿ ಬಿಡುವವನಲ್ಲ ಎಂದು ಗೊತ್ತಾದ ಮೇಲೆ ನಾನೇ ಅವಳನ್ನು ವಕೀಲರ ಹತ್ತಿರ ಕರೆದುಕೊಂಡು ಹೋದೆ. ವಿಚ್ಛೇದನದ ಕೇಸುಗಳಲ್ಲೇ ತಲೆ ನರೆತವರು ಎಂದು ಅವರಿಗೆ ಹೆಸರು. ತಲೆಯೇನೋ ಕಪ್ಪಗೇ ಇತ್ತು, ಆದರೆ ಆ ಕಪ್ಪು ಸ್ವಲ್ಪ ಕಾಲರಿಗೂ ಮೆತ್ತಿಕೊಂಡಿತ್ತು. ಕಚೇರಿಯ ಗೋಡೆ ತುಂಬ ಚೌಕಟ್ಟು ಹಾಕಿದ ಫೋಟೋಗಳು. ಗೆದ್ದ ಕಕ್ಷಿದಾರರು ವಕೀಲರ ಪಕ್ಕ ನಿಂತು ಹಲ್ಲು ಕಿರಿಯುತ್ತಿದ್ದರು. ಅವರ ಮದುವೆಯ ಫೋಟೋಗಳಲ್ಲೂ ಅಷ್ಟು ಸಂತೋಷ ಇದ್ದಿರಲಿಕ್ಕಿಲ್ಲ.

"ಹೊಡೆದಿದ್ದಾರಾ?" ವಕೀಲರು ಕೇಳಿದರು.

"ಇಲ್ಲ ಸರ್." ತಂಗಿ ನಕ್ಕಳು.

"ಬೈದಿದ್ದಾರಾ?"

"ಇಲ್ಲ."

"ಮತ್ತೇನಮ್ಮ ಕಷ್ಟ?"

"ನಗಿಸ್ತಾರೆ ಸರ್."

ವಕೀಲರು ಪೆನ್ನು ಕೆಳಗಿಟ್ಟರು. ನಾನು ಎಣಿಸುವ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಳ್ಳುತ್ತಲೇ ತಂಗಿಯ ಹಲ್ಲುಗಳನ್ನು ನೋಡುತ್ತಿದ್ದರು.

"ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು ಅಂತ ಗಾದೆ ಇದೆಯಮ್ಮ. ಜಡ್ಜ್ ಮೇಡಂ ಕೂಡ ಅದನ್ನ ಕೇಳ್ಕೊಂಡೇ ಬೆಳೆದಿರ್ತಾರೆ. ಅಲ್ಲಿ ಹೀಗೆ ನಕ್ರೆ, ಚೆನ್ನಾಗೇ ಇದ್ದೀರಲ್ಲ, ಮನೆಗೆ ಹೋಗಿ ಅಂತಾರೆ. ಮೊದಲು ಅಳೋದು ಕಲೀರಿ."

ಕಾನೂನಿನ ನೆರವು ಅಂದರೆ ಕಾನೂನು ಹೇಳಿಕೊಡುತ್ತಾರೆ ಎಂದು ನಾನು ತಿಳಿದಿದ್ದೆ, ನನ್ನ ಬುದ್ಧಿಗಿಷ್ಟು. ಪ್ರತಿ ಶನಿವಾರ ಅಲ್ಲಿ ಅಳುವ ತಾಲೀಮು ನಡೆಯಿತು. ಜೂನಿಯರ್ ಹುಡುಗಿ ಜಡ್ಜ್ ಆಗಿ ಎತ್ತರದ ಕುರ್ಚಿಯಲ್ಲಿ ಕೂರುತ್ತಿದ್ದಳು, ವಕೀಲರು ಎದುರು ಪಕ್ಷದವರಾಗಿ ಗದರಿಸುತ್ತಿದ್ದರು. ಕರವಸ್ತ್ರವನ್ನು ಮೊದಲ ಪ್ರಶ್ನೆಗೇ ತೆಗೆಯಬಾರದಂತೆ, ಎರಡನೆಯದಕ್ಕೆ ತೆಗೆಯಬೇಕಂತೆ. ಮೂಗು ಒರೆಸಬಾರದಂತೆ, ಒರೆಸಿದರೆ ನೆಗಡಿ ಅನ್ನಿಸುತ್ತದಂತೆ.

"ತೀರಿಹೋದ ನಿಮ್ಮ ತಾಯೀನ ನೆನೆಸ್ಕೊಳ್ಳಿ" ಎಂದು ವಕೀಲರು ಒಮ್ಮೆ ಹೇಳಿದರು. ತಂಗಿ ಕಣ್ಣು ಮುಚ್ಚಿ ನೆನೆಸಿಕೊಂಡಳು. ಬಾಯಿ ಕಿವಿಯವರೆಗೆ ಹಿಗ್ಗಿತು.

ಮುಂದಿನ ವಾರ ಈರುಳ್ಳಿ ಬಂತು. ಈರುಳ್ಳಿಗೆ ವಕೀಲರು ಅತ್ತರು, ಜೂನಿಯರ್ ಅತ್ತಳು, ಬಾಗಿಲಲ್ಲಿ ಕಾದಿದ್ದ ಇನ್ನೊಬ್ಬ ಕಕ್ಷಿದಾರನೂ ಅತ್ತ. ತಂಗಿಯ ಕಣ್ಣಲ್ಲೂ ನೀರು ಬಂತು, ಆದರೆ ಬಾಯಿ ನಗುತ್ತಲೇ ಇತ್ತು.

"ಇದು ಇನ್ನೂ ಕೆಟ್ಟದು" ಎಂದು ವಕೀಲರು ತಲೆ ಚಚ್ಚಿಕೊಂಡರು. "ಆನಂದಬಾಷ್ಪ ಅಂದ್ಕೋತಾರೆ."

ಬಸ್ಸಿಗೆ ಕಾಯುವಾಗ ನನ್ನ ತಾಳ್ಮೆ ತಪ್ಪಿತು. "ಒಂದೇ ಒಂದು ಸಲ ಅತ್ತುಬಿಡೇ, ನಿನ್ನ ಗಂಟೇನು ಹೋಗುತ್ತೆ?" ಅಂದೆ.

"ಬರಲ್ಲ ಅಕ್ಕ. ಅಳು ಬರೋ ಜಾಗಕ್ಕೆ ಇದೇ ಬಂದು ಕೂತ್ಬಿಟ್ಟಿದೆ." ಬಸ್ಸು ಬರುವ ದಿಕ್ಕಿಗೆ ಕತ್ತು ಚಾಚಿ ನೋಡಿದಳು. "ಕೇಸ್ ಸೋತ್ರೆ ಅವರು ನಿನ್ನ ಮನೆ ಬಾಗಿಲಿಗೇ ಬಂದು ಎಣಿಸ್ತಾರೆ. ನಾನು ಅವರ ಹಿಂದೆ ಹೋಗ್ಬಿಡ್ತೀನಿ ಅಕ್ಕ. ಮೂರು ಅನ್ನೋ ಹೊತ್ತಿಗೆ ನಾನು ನಗ್ತಾ ಹೋಗ್ಬಿಡ್ತೀನಿ, ನನಗೆ ಗೊತ್ತು."

ಅದನ್ನೂ ನಗುತ್ತಲೇ ಹೇಳಿದಳು.

ವಿಚಾರಣೆಯ ದಿನ ಅವನು ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಬಂದ. ಒಳಗೆ ಬರೀ ಆಲ್ಬಂಗಳು. ಅವನ ವಕೀಲರು ಮೊದಲ ಪ್ರಶ್ನೆ ಕೇಳಿದಾಗ ಅವನ ಗಂಟಲು ಗದ್ಗದವಾಯಿತು. ಎರಡನೆಯದಕ್ಕೆ ಸರಿಯಾಗಿ ಕರವಸ್ತ್ರ ಹೊರಗೆ ಬಂತು. ಮೂಗು ಒರೆಸಲಿಲ್ಲ. ನಮ್ಮ ವಕೀಲರ ಮುಖ ಸಪ್ಪಗಾಯಿತು. ಪಾಪ, ಈ ವಿದ್ಯೆ ತಮ್ಮೊಬ್ಬರದೇ ಸ್ವತ್ತು ಅಂದುಕೊಂಡಿದ್ದರು.

"ಎಲ್ಲಾ ಫೋಟೋ ನೋಡಿ ಮೇಡಂ" ಎಂದು ಅವನು ಆಲ್ಬಂಗಳನ್ನು ಮುಂದಿಟ್ಟ. "ಒಂದರಲ್ಲಾದ್ರೂ ಇವಳು ದುಃಖದಲ್ಲಿದ್ರೆ ಹೇಳಿ."

ಜಡ್ಜ್ ಹಾಳೆ ತಿರುವಿದರು. ಒಂದರಲ್ಲೂ ಇರಲಿಲ್ಲ. ತಲೆಯೆತ್ತಿದರೆ ಕಟಕಟೆಯಲ್ಲಿ ನಿಂತವಳದೂ ಅದೇ ಮುಖ. ನಮ್ಮ ವಕೀಲರು ಅಳು ಎನ್ನುವ ಸನ್ನೆಗೆ ಕೆಮ್ಮಿದರು. ಕೆಮ್ಮಿ ಕೆಮ್ಮಿ ಅವರ ಕಣ್ಣಲ್ಲೇ ನೀರು ಬಂತು.

"ಇಲ್ಲೂ ನಗ್ತಾ ಇದ್ದೀರಲ್ಲಮ್ಮ" ಅಂದರು ಜಡ್ಜ್.

ತಂಗಿ ಅವರ ಮುಂದೆ ತೆರೆದಿದ್ದ ಹಾಳೆಯನ್ನೇ ನೋಡುತ್ತಿದ್ದಳು. "ಮೇಡಂ, ಅದು ನಮ್ಮಮ್ಮ ಸತ್ತ ಮಾರನೇ ದಿನ ತೆಗೆದಿದ್ದು."

"ದುಃಖ ಮರೀಲಿ ಅಂತ ತೆಗೆದೆ ಮೇಡಂ" ಎಂದು ಅವನು ತಕ್ಷಣ ಹೇಳಿದ.

ಜಡ್ಜ್ ಕನ್ನಡಕ ಸರಿಮಾಡಿಕೊಂಡರು. "ಇವರ ಹೆಗಲ ಮೇಲೆ ಒಂದು ಕೈ ಇದೆ. ಬೆರಳಿಗೆ ಬಟ್ಟೆ ಕಟ್ಟಿದೆ. ಯಾರದಿದು?"

ಅಮ್ಮನ ಕೊನೆಯ ದಿನ ಆಸ್ಪತ್ರೆಯ ಬಾಗಿಲಿಗೆ ಸಿಕ್ಕಿ ನನ್ನ ಬೆರಳು ಜಜ್ಜಿಹೋಗಿತ್ತು. ಯಾರೂ ಕರೆಯದಿದ್ದರೂ ನಾನು ಹಿಂದಿನ ಬೆಂಚಿನಿಂದ ಎದ್ದು ನಿಂತೆ. "ನಂದು ಮೇಡಂ."

"ಕೈ ಇದೆ, ನೀವು ಇಲ್ಲವಲ್ಲ?"

ಉತ್ತರ ಕೊಟ್ಟವನು ಅವನು, ಕಸುಬಿನವನ ಪ್ರಾಮಾಣಿಕತೆಯಿಂದ. "ಅಕ್ಕ ಅಳ್ತಾ ಇದ್ರು ಮೇಡಂ, ಫೋಟೋ ಕೆಡ್ತಿತ್ತು. ಅದಕ್ಕೆ ಕಟ್ ಮಾಡ್ದೆ." ಹೇಳುವಾಗ ಅಳುವುದನ್ನು ಮರೆತುಬಿಟ್ಟಿದ್ದ.

ಜಡ್ಜ್ ತುಸು ಹೊತ್ತು ಅವನನ್ನೇ ನೋಡಿದರು. ಆಮೇಲೆ ತಂಗಿಯ ಕಡೆ ತಿರುಗಿ, "ನಿಮಗೇನು ಬೇಕು, ನೀವೇ ಹೇಳಿ" ಅಂದರು.

ಇದಕ್ಕೆ ವಕೀಲರು ಉದ್ದದ ಉತ್ತರವೊಂದನ್ನು ಬಾಯಿಪಾಠ ಮಾಡಿಸಿದ್ದರು. ಅದರಲ್ಲಿ ಮಾನಸಿಕ ಕ್ರೌರ್ಯ ಎಂಬ ಮಾತು ಮೂರು ಕಡೆ ಬರುತ್ತಿತ್ತು. ಅವಳಿಗೆ ಒಂದೂ ನೆನಪಾಗಲಿಲ್ಲ.

"ಮುಖ ಊದಿಸ್ಕೊಂಡು ಕೂತ್ಕೊಳ್ಳೋಕೆ ಒಂದು ಮನೆ ಬೇಕು ಮೇಡಂ. ಅಲ್ಲಿ ಯಾರೂ ಎಣಿಸಬಾರದು."

ನಗುತ್ತಲೇ ಹೇಳಿದಳು. ಅವಳ ಜೊತೆ ಯಾರೂ ನಗಲಿಲ್ಲ. ಜಡ್ಜ್ ಆಲ್ಬಂ ಮುಚ್ಚಿದರು.

ತೀರ್ಪು ನಮ್ಮ ಕಡೆ ಆಯಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿತ್ತು ಅಷ್ಟೇ, ಆದರೂ ವಕೀಲರು "ನೋಡಿದ್ರಾ ನಮ್ಮ ತಾಲೀಮು" ಎಂದು ಎದೆ ಉಬ್ಬಿಸಿದರು. ಕಚೇರಿಗೆ ಕರೆದು ಗೋಡೆಯ ಮುಂದೆ ನಮ್ಮಿಬ್ಬರನ್ನೂ ನಿಲ್ಲಿಸಿ, ಮಧ್ಯೆ ತಾವು ನಿಲ್ಲಲು ಬಂದರು. ನಾನು ಜಾಗ ಬಿಡಲಿಲ್ಲ, ಪಕ್ಕಕ್ಕೆ ಹೋದರು. ಜೂನಿಯರ್ ಫೋನ್ ಎತ್ತಿ ಹಿಡಿದಳು.

"ಗೆದ್ದಿದ್ದೀರಮ್ಮ, ಸ್ವಲ್ಪ ನಗಿ" ಅಂದರು ವಕೀಲರು. "ಒಂದು, ಎರಡು..."

ತಂಗಿಯ ತುಟಿ ಅಭ್ಯಾಸಬಲದಿಂದ ಹಿಗ್ಗಿತು. ನಡುವೆ ಎಲ್ಲೋ ನಿಂತಿತು. ಆಮೇಲೆ ನಿಧಾನವಾಗಿ ಕೆನ್ನೆ ಇಳಿಯಿತು, ಕೆಳತುಟಿ ಮುಂದೆ ಬಂತು, ಹುಬ್ಬು ಗಂಟಾಯಿತು. ಚಿಕ್ಕಂದಿನಲ್ಲಿ ನನ್ನ ಜೊತೆ ಜಗಳವಾಡಿ ಬಾಗಿಲ ಹಿಂದೆ ಕೂರುತ್ತಿದ್ದವಳ ಮುಖ ಅದು. ನಾನು ಅದನ್ನು ನೋಡಿ ಎಷ್ಟೋ ಕಾಲವಾಗಿತ್ತು.

ವಕೀಲರು ಮೂರು ಎಂದರು. ಇನ್ನೊಮ್ಮೆ ಎಂದರು. ಸೋತು, "ಹಾಗೇ ತೆಗಿಯಮ್ಮ" ಎಂದು ಜೂನಿಯರ್‌ಗೆ ಹೇಳಿದರು.

ಆ ಫೋಟೋ ಈಗ ಅಲ್ಲೇ ತೂಗುತ್ತಿದೆ. ಹೊಸ ಕಕ್ಷಿದಾರರು "ಇವರು ಸೋತವರಾ?" ಎಂದು ಕೇಳುತ್ತಾರಂತೆ. ಅಷ್ಟು ನಗುಮುಖಗಳ ನಡುವೆ ನನ್ನ ತಂಗಿ ಮುಖ ಊದಿಸಿಕೊಂಡು ನಿಂತಿದ್ದಾಳೆ. ಅವಳ ಹೆಗಲ ಮೇಲೆ ನನ್ನ ಕೈ ಇದೆ. ಈ ಸಲ ಕೈಯ ಜೊತೆ ನಾನೂ ಇದ್ದೇನೆ, ಅಳುತ್ತಾ.