ಎರಡು ನೀಲಿ ಗ್ರೀಸು

ನನ್ನ ಬೀಳ್ಕೊಡುಗೆಯ ಟೀ ಕೂಟಕ್ಕೆ ಕೆನೆ ಕಡೆಯುವ ಮಿಕ್ಸರನ್ನು ನಾನೇ ಮನೆಯಿಂದ ಹೊತ್ತು ತಂದಿದ್ದೆ. ಪಾವ್ಲೋವಾ ಎಂಬ ಸಿಹಿತಿಂಡಿಯ ಮೇಲೆ ಸುರಿಯುವ ಕೆನೆಗಿರಬೇಕು ಎಂದು ಎಲ್ಲರೂ ತಿಳಿದರು. ತಿಳಿಯಲಿ ಬಿಡು ಎಂದು ನಾನೂ ಸುಮ್ಮನಿದ್ದೆ.

ಮಕಾಯ್ ಊರಿನ ಸುತ್ತಲಿನ ಸಕ್ಕರೆ ಕಾರ್ಖಾನೆಗಳಲ್ಲಿ ಯಾವುದು ಯಾವುದಕ್ಕೆ ಉಜ್ಜುತ್ತದೆ, ಎಷ್ಟು ಸವೆಯುತ್ತದೆ, ನಡುವೆ ಏನು ಹಚ್ಚಿದರೆ ಬಾಳುತ್ತದೆ ಎಂದು ನೋಡುವುದರಲ್ಲೇ ನನ್ನ ಆಯುಷ್ಯ ಕಳೆಯಿತು. ಹೊಸದಾಗಿ ವಿಶ್ವವಿದ್ಯಾಲಯ ಸೇರಿದಾಗ ಎಂಜಿನಿಯರಿಂಗ್ ವಿಭಾಗದ ಗಂಡಸರು ಬೆನ್ನ ಹಿಂದೆ ‘ಗ್ರೀಸಮ್ಮ’ ಎಂದು ನಗುತ್ತಿದ್ದರು. ಸೇತುವೆಯ ಪಾಠ ಮಾಡುವವರಿಗೆ ಗಾಳಿ ಬೆಳಕಿನ ಕೋಣೆ, ನನಗೆ ಸೈಕಲ್ ನಿಲ್ಲಿಸುವಲ್ಲಿ ತಗಡಿನ ಶೆಡ್ಡು. ಆ ಶೆಡ್ಡಿನಲ್ಲೇ ಪರೀಕ್ಷೆಯ ಯಂತ್ರ ಕೂರಿಸಿದೆ, ಅಲ್ಲೇ ಪ್ರೊಫೆಸರಾದೆ. ಸುಟ್ಟುಹೋದ ಬೇರಿಂಗುಗಳೆಲ್ಲ ನನ್ನ ಮೇಜಿಗೇ ಬರತೊಡಗಿದ ಮೇಲೆ ಅವರ ನಗು ನಿಂತಿತು.

ಹೋದ ಹಂಗಾಮಿನಲ್ಲಿ ಕೊರೆಲಾ ಕಾರ್ಖಾನೆಯಲ್ಲಿ ಕಬ್ಬು ಸೀಳುವ ಯಂತ್ರದ ಬೇರಿಂಗು ಕಚ್ಚಿಕೊಂಡು ಇಡೀ ಕಾರ್ಖಾನೆ ನಿಂತಿತು. ಕಡಿದ ಕಬ್ಬು ವ್ಯಾಗನ್ನುಗಳಲ್ಲೇ ಹುಳಿಯಿತು. ಮ್ಯಾನೇಜರ್ ಲಾಯ್ಡ್ ಪ್ರಿಡೋ ಬೇರಿಂಗನ್ನು ನನ್ನ ಮೇಜಿನ ಮೇಲೆ ಕುಕ್ಕಿದ.

“ಒಣಕಲು ನೋಡು ರಾಸ್. ಒಂದು ತೊಟ್ಟು ಗ್ರೀಸಿಲ್ಲ. ವಿನ್ಸ್ ಗ್ರೆಕ್ ಗೊರಕೆ ಹೊಡೀತಿದ್ದ, ಇನ್ನೇನು?”

ವಿನ್ಸ್ ಅಲ್ಲಿ ಗ್ರೀಸು ಹಾಕುವವನು. ನಾನು ಬೇರಿಂಗು ಬಿಚ್ಚುವ ಮೊದಲೇ, ಪಾಳಿ ಬದಲಾಗುವ ಹೊತ್ತಿಗೆ, ಲಾಯ್ಡ್ ಮೈಕಿನಲ್ಲಿ ಅವನ ಹೆಸರು ಹೇಳಿ, ಮಲಗಿದ್ದನೆಂದು ಸಾರಿ, ಕೆಲಸದಿಂದ ತೆಗೆದಿದ್ದ. ಊರಿನ ಬೌಲ್ಸ್ ಕ್ಲಬ್ಬಿನಲ್ಲಿ ವಿನ್ಸ್ ಕೂತರೆ ಕಬ್ಬಿನ ಬೆಳೆಗಾರರು ಬಿಯರ್ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು.

ಬೇರಿಂಗಿನ ಸಂದಿಯಲ್ಲಿ ಉಳಿದದ್ದನ್ನು ಬೆರಳಿಗೆ ಹತ್ತಿಸಿ ಉಜ್ಜಿದ ಕೂಡಲೇ ನನಗೆ ವಿಷಯ ತಿಳಿಯಿತು. ಹಂಗಾಮಿನ ನಡುವೆ ಕಾರ್ಖಾನೆ ಅಗ್ಗದ ಗ್ರೀಸಿಗೆ ಬದಲಾಯಿಸಿತ್ತು. ಹಳೆಯದೂ ನೀಲಿ, ಹೊಸದೂ ನೀಲಿ. ಬಣ್ಣ ಒಂದೇ ಎಂದು ಹಳೆಯದನ್ನು ತೆಗೆಯದೆ ಅದರ ಮೇಲೇ ಹೊಸದನ್ನು ತುಂಬಿಸಿದ್ದರು. ಬಣ್ಣ ಬರೀ ಬಣ್ಣ. ಒಂದನ್ನು ಗಟ್ಟಿ ಮಾಡುವುದು ಒಂದು ಬಗೆಯ ಸಾಬೂನು, ಇನ್ನೊಂದನ್ನು ಗಟ್ಟಿ ಮಾಡುವುದು ಸಾಬೂನೇ ಅಲ್ಲದ ಬೇರೇನೋ. ಎರಡೂ ಬೆರೆತರೆ ಏನಾಗುತ್ತದೆಂದು ಶೆಡ್ಡಿನಲ್ಲಿ ಪರೀಕ್ಷಿಸಿ ಲಾಯ್ಡ್‌ಗೆ ತೋರಿಸಿದೆ.

“ನಮ್ಮ ದುಡ್ಡಲ್ಲಿ ಮಾಡಿದ ಪರೀಕ್ಷೆ, ಫಲಿತಾಂಶಾನೂ ನಮ್ದೇ,” ಎಂದ. “ಹೊರಗೆ ಬಾಯಿ ಬಿಡಲ್ಲ ಅಂತ ಸಹಿ ಹಾಕಿದೀಯ.”

ನಮ್ಮ ಡೀನ್ ಹ್ಯಾಮಿಶ್ ಇನ್ನೂ ಸಿಹಿಯಾಗಿ ಹೇಳಿದ. “ರಿಟೈರ್ ಆಗೋ ಟೈಮಲ್ಲಿ ನಿಂಗ್ಯಾಕೆ ಮಾರಾಯ್ತಿ ಇಲ್ಲದ ತಲೆನೋವು? ಆರಾಮಾಗಿ ಮೀನು ಹಿಡಿ ಹೋಗು.”

ಮೀನು ಹಿಡಿಯಬೇಕಂತೆ! ಒಬ್ಬ ಮನುಷ್ಯನ ಮಾನ ಹರಾಜಾಗಿದೆ, ಇವನಿಗೆ ಮೀನಿನ ಚಿಂತೆ. ಅವತ್ತಿನಿಂದ ನನಗೆ ಊಟ ರುಚಿಸಲಿಲ್ಲ.

ಕೂಟಕ್ಕೆ ಬೆಳೆಗಾರರೂ ಬಂದಿದ್ದರು. ನಾನು ಕರೆದಿದ್ದರಿಂದ ವಿನ್ಸ್ ಕೂಡ ಬಂದು ಬಾಗಿಲ ಬಳಿಯೇ ನಿಂತಿದ್ದ. ಲಾಯ್ಡ್ ಮೈಕು ಹಿಡಿದು ನನ್ನನ್ನು ಹೊಗಳಿದ. ಥಳಥಳ ಉಜ್ಜಿದ ಬೇರಿಂಗೊಂದನ್ನು ಮರದ ಹಲಗೆಗೆ ಕೂರಿಸಿ ನೆನಪಿನ ಕಾಣಿಕೆ ಎಂದು ಕೊಟ್ಟ. ಅದನ್ನು ಸ್ಕೋನ್ ಬನ್ನು, ಜಾಮುಗಳ ನಡುವೆ ಇಟ್ಟು, ಚೀಲದಿಂದ ಎರಡು ಡಬ್ಬಿ ಗ್ರೀಸು ತೆಗೆದೆ.

ಓಡುವ ಬೇರಿಂಗಿನ ಹಾಗೆ ಬಿಸಿಯಿರಲೆಂದು ಮೂರು ಬಟ್ಟಲುಗಳನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟೆ. ಮೊದಲ ಬಟ್ಟಲಿಗೆ ಹಳೆಯ ಗ್ರೀಸು ಹಾಕಿ ಮಿಕ್ಸರಿನಿಂದ ಚೆನ್ನಾಗಿ ಕಡೆದೆ. ಬಟ್ಟಲನ್ನು ಹ್ಯಾಮಿಶನ ತಲೆಯ ಮೇಲೆ ಬೋರಲು ಹಿಡಿದೆ. ಅವನು ಕೂಗಿಕೊಂಡ, ಆದರೆ ಏನೂ ಬೀಳಲಿಲ್ಲ. ಎರಡನೆಯದಕ್ಕೆ ಹೊಸ ಗ್ರೀಸು ಹಾಕಿ ಕಡೆದು ಲಾಯ್ಡ್‌ನ ತಲೆಯ ಮೇಲೆ ಹಿಡಿದೆ. ಅದೂ ಬೀಳಲಿಲ್ಲ. ಜನ ನಗತೊಡಗಿದರು.

ಮೂರನೆಯ ಬಟ್ಟಲಿಗೆ ಎರಡನ್ನೂ ಹಾಕಿ ಕೈ ಸೋಲುವಷ್ಟು ಹೊತ್ತು ಕಡೆದೆ.

“ರಾಸ್, ಸಾಕು ನಿಲ್ಸು!” ಲಾಯ್ಡ್ ಎದ್ದ. “ಸಹಿ ಹಾಕಿದೀಯ ನೀನು!”

“ಬರಿಯಲ್ಲ, ಹೇಳಲ್ಲ ಅಂತ ಹಾಕಿದೀನಿ. ಕಡೆಯಲ್ಲ ಅಂತ ಎಲ್ಲಯ್ಯಾ ಹಾಕಿದೀನಿ?”

ಬಟ್ಟಲನ್ನು ಅವನ ಕಾಣಿಕೆಯ ಮೇಲೆ ಬಗ್ಗಿಸಿದೆ. ನೀಲಿ ಗ್ರೀಸು ನೀರು ಮಜ್ಜಿಗೆಯ ಹಾಗೆ ಬೇರಿಂಗಿನೊಳಗೆ ಇಳಿದು, ಕೆಳಗಿನಿಂದ ಸೋರಿ, ಮೇಜುಬಟ್ಟೆಗೆ ಹರಿಯಿತು. ಬೇರಿಂಗಿನಲ್ಲಿ ಹೆಚ್ಚೇನೂ ಉಳಿಯಲಿಲ್ಲ.

ವಿನ್ಸ್ ಬಾಗಿಲಿನಿಂದ ಮೇಜಿನವರೆಗೆ ಬಂದ. ಹರಿದದ್ದನ್ನು ಬೆರಳಿಂದ ಮುಟ್ಟಿದ.

“ಬಿಸಿ ಆಗ್ತಿದೆ ಅಂತ ನಾನು ಇನ್ನೂ ಇನ್ನೂ ಹಾಕ್ದೆ,” ಎಂದ. “ಹಾಕಿದ್ದೆಲ್ಲ ಹೀಗೇ ಸೋರಿ ಹೋಯ್ತಾ?”

ಹೇಳಲ್ಲ ಎಂದು ಸಹಿ ಹಾಕಿದ್ದೆನಲ್ಲ, ತಲೆ ಮಾತ್ರ ಆಡಿಸಿದೆ. ಬೆಳೆಗಾರರ ಸಂಘದ ಐಡಾ ವಾಸಾಲೋ ಕೇಳಿದಳು: “ಲಾಯ್ಡ್, ಈ ಹೊಸ ಗ್ರೀಸ್ ತರಿಸಿದ್ದು ಯಾರು?”

ಲಾಯ್ಡ್ ನೆರವಿಗಾಗಿ ಹ್ಯಾಮಿಶನ ಮುಖ ನೋಡಿದ. ಹ್ಯಾಮಿಶ್ ತನ್ನ ಟೀ ಕಪ್ಪು ನೋಡಿದ.

ಐಡಾ ತನ್ನ ಪಕ್ಕದ ಕುರ್ಚಿ ಎಳೆದಳು. “ಬಾರೋ ವಿನ್ಸ್, ಕೂತ್ಕೋ.”

“ಕ್ಲಬ್ಬಲ್ಲಿ ಲೋಟ ಎತ್ಕೊಂಡು ಹೋದವಳು ನೀನೇ ಅಲ್ವಾ, ಐಡಾ?” ಅವನು ಕೂರಲಿಲ್ಲ. ಅವನು ಲಾಯ್ಡ್ ಕಡೆ ತಿರುಗಿದ. “ಕೆಲಸದ ಮಾತು ಆಮೇಲೆ. ನಾನು ಮಲಗಿದ್ದೆ ಅಂದ್ಯಲ್ಲ, ಅದನ್ನ ವಾಪಸ್ ತಗೋ.”

“ಇಲ್ಲ... ನೀನು ಮಲಗಿರ್ಲಿಲ್ಲ,” ಲಾಯ್ಡ್ ಗಂಟಲಲ್ಲೇ ಗೊಣಗಿದ.

“ಹಾಗಲ್ಲ,” ಎಂದ ವಿನ್ಸ್. “ಮೊದಲು ಹೇಳಿದ್ಯಲ್ಲ, ಹಾಗೆ ಹೇಳು.”

ನಾನು ಗ್ರೀಸಿನ ಕೈಯಲ್ಲೇ ಮೈಕು ಎತ್ತಿ ಲಾಯ್ಡ್‌ನ ಕೈಗೆ ತುರುಕಿದೆ.